ಸಸಿ ಬರುವ ಮುನ್ನ

ಕಾರವಾರದ ಬಳಿ ಕಾಳಿ ನದಿ ಕಡಲನ್ನು ಸೇರುವ ಎಡೆಯಲ್ಲಿ, ಸದಾಶಿವಗಡದ ಮಗ್ಗುಲಿಗೆ, ದೇವಬಾಗದ ಮರಳು ಚಾಚಿಕೊಂಡಿದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರ, ನಡುವೆ ಗಾಳಿಮರಗಳ ಸಾಲು. ಇಂಥ ನೆಲದಲ್ಲಿ ಹಸಿರುಮನೆ ಕಟ್ಟಿ ಸಿಹಿಗುಂಬಳದ ಸಸಿ ನೆಡಬೇಕೆಂದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೇ ಸಿದ್ಧತೆ ಆರಂಭವಾಗಬೇಕು. ಆ ಸಿದ್ಧತೆ ನೋಡುವವರ ಕಣ್ಣಿಗೆ ಕೆಲಸವೆಂದೇ ತೋರದು. ಮಡಿಯನ್ನು ಸಮ ಮಾಡುತ್ತಾರೆ, ಮಣ್ಣು ತೋಯುವಷ್ಟು ನೀರುಣಿಸುತ್ತಾರೆ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹಾಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚುತ್ತಾರೆ. ಆಮೇಲೆ ಬಿಟ್ಟುಬಿಡುತ್ತಾರೆ. ನಾಲ್ಕರಿಂದ ಆರು ವಾರ ಅಲ್ಲಿ ಬಿತ್ತನೆಯಿಲ್ಲ, ಕಳೆ ಕೀಳುವುದಿಲ್ಲ, ನೀರು ಹಾಯಿಸುವುದೂ ಇಲ್ಲ. ಪ್ರಾತಃಕಾಲದಲ್ಲಿ ಹೋಗಿ ನೋಡಿದರೆ ಹಾಳೆಯ ಒಳಮೈಯಲ್ಲಿ ಸಾಲುಗಟ್ಟಿ ನಿಂತ ನೀರಹನಿಗಳು ಮಾತ್ರ ಕಾಣುತ್ತವೆ. ಅವುಗಳ ಕೆಳಗೆ ಬರಿಯ ಮಣ್ಣು, ಯಾರಿಗೋ ಕಾಯುತ್ತಿರುವ ಹಾಗೆ.

ಕಾಯುವುದೂ ಒಂದು ಕ್ರಿಯೆ ಎಂಬುದನ್ನು ನಮ್ಮ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಹಾಳೆಯ ಕೆಳಗೆ ಆ ಹೊತ್ತಿನಲ್ಲಿ ಗಹನವಾದದ್ದು ನಡೆಯುತ್ತಿರುತ್ತದೆ. ಬಿಸಿಲು ಹಾಳೆಯನ್ನು ದಾಟಿ ಮಣ್ಣನ್ನು ಮುಟ್ಟುತ್ತದೆ. ಮಣ್ಣಿನಿಂದ ಮರಳುವ ಶಾಖಕ್ಕೆ ಹೊರದಾರಿ ಸಿಗುವುದಿಲ್ಲ. ಮೇಲಿನ ಪದರದ ಉಷ್ಣತೆ 45ರಿಂದ 55 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಮುಚ್ಚಿದ ಹಸಿರುಮನೆಯೊಳಗೆ ಇನ್ನೂ ಸ್ವಲ್ಪ ಹೆಚ್ಚು. ಕಪ್ಪು ಹಾಳೆ ಹಾಸಿದರೆ ಇಷ್ಟು ಫಲವಿಲ್ಲ. ಕಪ್ಪು ತಾನೇ ಬಿಸಿಲನ್ನು ಕುಡಿದು ತಾನೇ ಕಾಯುತ್ತದೆ, ಮಣ್ಣಿಗೆ ಉಳಿಸುವುದು ಕಡಿಮೆ. ಒಣಮಣ್ಣಿಗೂ ಈ ಚಿಕಿತ್ಸೆ ತಾಗದು. ತೇವವಿದ್ದಾಗಲೇ ಶಾಖ ಒಳಗಿಳಿಯುತ್ತದೆ, ತೇವವಿದ್ದಾಗಲೇ ನಿದ್ರಿಸುತ್ತಿದ್ದ ಬೀಜವೂ ರೋಗಾಣುವೂ ಎಚ್ಚೆತ್ತು ಶಾಖಕ್ಕೆ ಈಡಾಗುತ್ತವೆ. 1976ರಲ್ಲಿ ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಅವರ ಸಂಗಡಿಗರು ಈ ಕ್ರಮವನ್ನು ಶಾಸ್ತ್ರೀಯವಾಗಿ ಮಂಡಿಸಿದರು. ಅಂದಿನಿಂದ ಬಿಸಿಲು ಧಾರಾಳವಾಗಿರುವ ದೇಶಗಳ ತೋಟಗಾರರು ಇದನ್ನು ತಮ್ಮದಾಗಿಸಿಕೊಂಡಿದ್ದಾರೆ. ನಮ್ಮಲ್ಲಿ ಇದಕ್ಕೆ ಮಣ್ಣಿನ ಸೌರೀಕರಣವೆಂಬ ಹೆಸರಿದೆ. (ಪಂಚಾಂಗದಲ್ಲಿ ಇದಕ್ಕೆ ಮುಹೂರ್ತವಿಲ್ಲ, ಕಾರವಾರದಲ್ಲಂತೂ ಜೂನ್ ಮಳೆಗೆ ಮೊದಲು ಮುಗಿಯಬೇಕು, ಅಷ್ಟೇ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಮೋಡಗಳು ಬಂದ ಮೇಲೆ ಸೂರ್ಯನನ್ನು ಕೇಳಿ ಪ್ರಯೋಜನವಿಲ್ಲ.)

ಇಷ್ಟೆಲ್ಲ ಯಾರ ವಿರುದ್ಧ? ಮರಳು ಎಂದರೆ ಬರಿದು ಎಂದು ನಮ್ಮ ಭಾವನೆ. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಗುವ ವಸ್ತುವಿನಲ್ಲಿ ಯಾರು ತಾನೆ ಮನೆ ಮಾಡಿಯಾರು? ಆದರೆ ಬೇರುಗಂಟು ಉಂಟುಮಾಡುವ ಜಂತುಹುಳುವಿಗೆ ಜೇಡಿಗಿಂತ ಮರಳೇ ಪ್ರಿಯ. ಕಣಗಳ ನಡುವಿನ ಅವಕಾಶದಲ್ಲಿ ಅದು ಸರಾಗವಾಗಿ ಚಲಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಎಳೆಯ ಬೇರನ್ನು ಹೊಕ್ಕು ಅಲ್ಲಿಯೇ ನೆಲೆಸುತ್ತದೆ, ನೂರಾರು ಮೊಟ್ಟೆಗಳನ್ನಿಡುತ್ತದೆ. ಬೇರು ಗಂಟುಗಂಟಾಗಿ ಊದಿಕೊಳ್ಳುತ್ತದೆ. ಮೇಲೆ ಬಳ್ಳಿ ನೀರಿದ್ದೂ ಬಾಡುತ್ತದೆ. ಜಂತುಹುಳುವಿನ ಜೊತೆಗೆ ಎಳೆಸಸಿಯ ಬುಡವನ್ನು ಕೊಳೆಸುವ ಶಿಲೀಂಧ್ರಗಳಿವೆ. ಕೆಂಪು ಕುಂಬಳ ದುಂಬಿಯ ಮರಿಹುಳುಗಳು ಮಣ್ಣೊಳಗೆ ಬೇರು ತಿಂದು ಬೆಳೆಯುತ್ತವೆ. ಕಾಯಿಯನ್ನು ಕೊಳೆಸುವ ಹಣ್ಣುನೊಣ ತನ್ನ ಕೋಶಾವಸ್ಥೆಯನ್ನು ಕಳೆಯುವುದು ಇದೇ ಮಣ್ಣಿನಲ್ಲಿ. ಕಳೆದ ವರ್ಷದ ಬೆಳೆ ಹೋಗಿದೆ. ಅದರ ಸಂಕಟಗಳು ನೆಲದಲ್ಲಿ ಉಳಿದಿವೆ. ನಮ್ಮಲ್ಲಿ ಬಹುಮಂದಿ ಹಳೆಯ ವರ್ಷಗಳನ್ನು ಮುಗಿಸುವ ರೀತಿಯೂ ಹೀಗೆಯೇ ಇರುತ್ತದೆ.

ಇಷ್ಟು ತಿಳಿದ ಮೇಲೆ ಒಂದು ಆಸೆ ಸಹಜವಾಗಿ ಹುಟ್ಟುತ್ತದೆ. ಎಲ್ಲವನ್ನೂ ಒಮ್ಮೆಲೇ ಅಳಿಸಿಬಿಡಬೇಕು. ಏನೊಂದೂ ಉಳಿಯದ ನೆಲದಲ್ಲಿ, ಯಾವ ಪೂರ್ವಸ್ಮೃತಿಯೂ ಇಲ್ಲದ ಮಣ್ಣಿನಲ್ಲಿ, ಹೊಸ ಸಸಿಯನ್ನು ಊರಬೇಕು. ಈ ಆಸೆ ನಮಗೆಲ್ಲ ಪರಿಚಿತವೇ. ಯುಗಾದಿಯ ಬೆಳಗಿನಲ್ಲಿ, ಹೊಸ ಊರಿಗೆ ವರ್ಗವಾದ ದಿನ, ಕಾಯಿಲೆಯಿಂದ ಎದ್ದ ವಾರದಲ್ಲಿ ನಾವು ನಮ್ಮೊಳಗನ್ನು ಹೀಗೆ ಒಮ್ಮೆ ಸಂಪೂರ್ಣವಾಗಿ ಗುಡಿಸಿಬಿಡಲು ಹೊರಡುತ್ತೇವೆ. ಕೋಪ ಇರಕೂಡದು, ಮತ್ಸರ ಇರಕೂಡದು, ಹಳೆಯ ಅಭ್ಯಾಸದ ಸುಳಿವೂ ಇರಕೂಡದು. ಸಂಕಲ್ಪ ದೊಡ್ಡದು. ಅದರಲ್ಲಿ ತಪ್ಪು ಹುಡುಕಲು ಮನಸ್ಸಾಗುವುದಿಲ್ಲ, ಏಕೆಂದರೆ ಅದರ ಮೂಲದಲ್ಲಿರುವುದು ಒಳ್ಳೆಯವರಾಗಬೇಕೆಂಬ ಹಂಬಲ.

ಮಣ್ಣಿನ ವಿಷಯದಲ್ಲಿ ಈ ಹಂಬಲ ಒಂದು ಕಾಲದಲ್ಲಿ ಈಡೇರಿತು. ಮೀಥೈಲ್ ಬ್ರೋಮೈಡ್ ಎಂಬ ಅನಿಲವನ್ನು ಹಾಳೆಯ ಕೆಳಗೆ ಹರಿಯಬಿಟ್ಟರೆ ಜಂತುಹುಳು, ಶಿಲೀಂಧ್ರ, ಕೀಟ, ಕಳೆಬೀಜ ಯಾವುದೂ ಉಳಿಯುತ್ತಿರಲಿಲ್ಲ. ಪ್ರಪಂಚದ ದೊಡ್ಡ ದೊಡ್ಡ ತರಕಾರಿ ತೋಟಗಳೂ ಹಸಿರುಮನೆಗಳೂ ದಶಕಗಳ ಕಾಲ ಅದನ್ನು ನೆಚ್ಚಿಕೊಂಡಿದ್ದವು. ಆದರೆ ಆ ಅನಿಲ ಮಣ್ಣಿನಲ್ಲಿ ನಿಲ್ಲಲಿಲ್ಲ. ಮೇಲೇರಿ ಓಝೋನ್ ಪದರವನ್ನು ತಿನ್ನತೊಡಗಿತು. 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ 1992ರಲ್ಲಿ ಅದು ಸೇರಿತು. ಶ್ರೀಮಂತ ದೇಶಗಳು 2005ರೊಳಗೆ, ಉಳಿದ ದೇಶಗಳು 2015ರೊಳಗೆ, ಕೆಲವು ಅನಿವಾರ್ಯ ವಿನಾಯಿತಿಗಳ ಹೊರತು ಅದನ್ನು ಕೈಬಿಡಬೇಕೆಂದಾಯಿತು. ಒಂದು ಮಡಿ ಮಣ್ಣಿನ ಶುದ್ಧಿಗಾಗಿ ಆಕಾಶದ ಹೊದಿಕೆಯನ್ನೇ ಸವೆಸಿದ್ದೆವು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಪಾದದ ಕೆಳಗಿನ ನೆಲಕ್ಕೂ ತಲೆಯ ಮೇಲಿನ ಗಗನಕ್ಕೂ ಸಂಬಂಧವಿದ್ದೀತೆಂದು ಆಗ ಹೊಳೆಯಲಿಲ್ಲ.

ಆಕಾಶದ ಮಾತು ಹಾಗಿರಲಿ. ಮಣ್ಣಿಗಾದರೂ ಅದರಿಂದ ಶಾಂತಿ ಸಿಕ್ಕಿತೇ? ಇಲ್ಲಿ ಪ್ರಕೃತಿಯ ಒಂದು ಸೂಕ್ಷ್ಮ ನಿಯಮ ಎದುರಾಗುತ್ತದೆ. ಹಬೆಯಿಂದಲೋ ವಿಷದಿಂದಲೋ ಪೂರ್ಣವಾಗಿ ನಿರ್ಜೀವಗೊಳಿಸಿದ ಮಣ್ಣಿಗೆ ಆಮೇಲೆ ರೋಗಾಣುವಿನ ಒಂದು ಕಣ ಬಿದ್ದರೂ ಸಾಕು, ಅದು ಸಾಧಾರಣ ಮಣ್ಣಿನಲ್ಲಿ ಹರಡುವುದಕ್ಕಿಂತ ವೇಗವಾಗಿ ಹರಡುತ್ತದೆ. ತಡೆಯುವವರು ಯಾರೂ ಇಲ್ಲ. ಆಹಾರಕ್ಕಾಗಿ ಸ್ಪರ್ಧಿಸುವವರಿಲ್ಲ, ಎದುರು ನಿಂತು ಕಾದಾಡುವವರಿಲ್ಲ. ಸಸಿಯ ಬುಡ ಕೊಳೆಸುವ ಶಿಲೀಂಧ್ರ ಇಂಥ ತೆರವನ್ನು ಬಲುಬೇಗ ತುಂಬುತ್ತದೆ. ಬೀಗ ಹಾಕದೆ ಬಿಟ್ಟ ಖಾಲಿ ಮನೆಗೆ ಮೊದಲು ಬರುವವರು ಸಜ್ಜನರೇ ಆಗಿರುತ್ತಾರೆಂದು ಹೇಳಲಾಗದು. ಕೊಲ್ಲುವುದರಲ್ಲಿ ಪರಿಪೂರ್ಣತೆಯನ್ನು ಸಾಧಿಸಿದಷ್ಟೂ ನೆಲದ ರಕ್ಷಣಾಶಕ್ತಿ ಕ್ಷೀಣಿಸಿತು.

ನಮ್ಮ ಸಂಕಲ್ಪಗಳು ಭಂಗಗೊಳ್ಳುವ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ದುರಭ್ಯಾಸವನ್ನು ಬಿಟ್ಟವರಿಗೆ ಕಷ್ಟವಾಗುವುದು ಬಿಟ್ಟ ದಿನವಲ್ಲ, ಬಿಟ್ಟ ಮೇಲಿನ ಸಂಜೆಗಳಲ್ಲಿ. ಅಭ್ಯಾಸ ಹೋಯಿತು, ಅದು ತುಂಬಿದ್ದ ಹೊತ್ತು ಉಳಿಯಿತು. ಆ ಹೊತ್ತಿಗೆ ಗೆಳೆಯರಿಲ್ಲ, ಕೆಲಸವಿಲ್ಲ, ಹಾಡಿಲ್ಲ. ಆಗ ಹಳೆಯದೇ ಇಮ್ಮಡಿ ಬಲದಿಂದ ಮರಳುತ್ತದೆ. ನಾವು ಅದನ್ನು ದೌರ್ಬಲ್ಯವೆಂದು ಕರೆದು ನಾಚುತ್ತೇವೆ. ಪಕ್ಕದಲ್ಲಿ ಬೇರೆ ಜೀವವಿಲ್ಲದ ಕಡೆ ಯಾವುದೇ ಬೀಜ ಹಾಗೆಯೇ ವರ್ತಿಸುತ್ತಿತ್ತು.

ಕಾರವಾರದ ಕಡಲತೀರದಲ್ಲಿ ಈ ವಿಚಾರವನ್ನು ನೂರನಲವತ್ತು ವರ್ಷಗಳ ಹಿಂದೆಯೇ ಒಬ್ಬ ತರುಣ ನಾಟಕವಾಗಿಸಿದ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರೊಡನೆ ಇರಲು ಬಂದ ತಮ್ಮನಿಗೆ ಆಗ ಇಪ್ಪತ್ತೆರಡರ ಆಸುಪಾಸು. ಮರಳ ದಂಡೆ, ಗಾಳಿಮರಗಳ ತೋಪು, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯ ಪಯಣ, ಇವನ್ನೆಲ್ಲ ಮುಂದೆ ತಮ್ಮ ನೆನಪುಗಳಲ್ಲಿ ಅವರು ಬರೆದಿಟ್ಟಿದ್ದಾರೆ. ಇಲ್ಲಿ ಅವರು ಬರೆದ 'ಪ್ರಕೃತಿರ್ ಪ್ರತಿಶೋಧ' 1884ರಲ್ಲಿ ಪ್ರಕಟವಾಯಿತು. ಪ್ರಕೃತಿ ತೀರಿಸಿಕೊಂಡ ಸೇಡಿನ ಕಥೆ ಅದು. ಅದರ ನಾಯಕ ಒಬ್ಬ ಸಂನ್ಯಾಸಿ. ಗುಹೆಯಲ್ಲಿ ಕುಳಿತು ಅವನು ಅಂತರಂಗದಿಂದ ಸ್ನೇಹ, ಮೋಹ, ಕರುಣೆ ಎಲ್ಲವನ್ನೂ ಕಿತ್ತುಹಾಕಿದ್ದಾನೆ. ಪ್ರಕೃತಿಯನ್ನು ಗೆದ್ದೆನೆಂದು ಹೊರಗೆ ಬರುತ್ತಾನೆ. ಊರವರು ದೂರವಿಟ್ಟ ಒಬ್ಬಳು ಅನಾಥ ಬಾಲೆ ಅವನ ಆಶ್ರಯ ಬೇಡುತ್ತಾಳೆ. ಬರಿದಾದ ಆ ಹೃದಯದಲ್ಲಿ ಅವಳ ಮೇಲಿನ ವಾತ್ಸಲ್ಯ ಎಷ್ಟು ವೇಗವಾಗಿ ಬೆಳೆಯುತ್ತದೆಂದರೆ ಅವನು ಹೆದರಿ ಅವಳನ್ನು ತೊರೆದು ಓಡುತ್ತಾನೆ. ಕೊನೆಗೆ ದಂಡ ಕಮಂಡಲಗಳನ್ನು ಎಸೆದು ಮರಳಿ ಬರುವಷ್ಟರಲ್ಲಿ ಅವಳು ಇಲ್ಲ.

ಸಂನ್ಯಾಸಿಯ ವೈರಾಗ್ಯವನ್ನು ಆ ನಾಟಕ ಪರಿಹಾಸ್ಯ ಮಾಡುವುದಿಲ್ಲ. ಅವನ ಗುರಿ ಉನ್ನತವಾದದ್ದೇ. ಆದರೆ ಅವನು ಕಳೆ ಯಾವುದು, ಬೇರು ಯಾವುದು ಎಂದು ವಿಂಗಡಿಸಲು ಹೋಗಲಿಲ್ಲ; ಒಟ್ಟಿಗೇ ಸುಟ್ಟ. ಹಸಿರುಮನೆಯ ಮಣ್ಣಿನ ಮುಂದೆ ನಿಂತವರಿಗೆ ಆ ಕಥೆ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಅವನು ಅಷ್ಟು ಉರಿಯದಿದ್ದರೂ ಸಾಕಾಗುತ್ತಿತ್ತೇನೋ.

ಶಾಖದ ಪ್ರಮಾಣ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರವಿದೆ. ಕ್ಯಾಲಿಫೋರ್ನಿಯಾದ ಸಸ್ಯರೋಗ ವಿಜ್ಞಾನಿ ಕೆನೆತ್ ಬೇಕರ್ ನರ್ಸರಿಯ ಮಣ್ಣಿಗೆ ಹಬೆ ಕೊಡುವ ವಿಧಾನವನ್ನು ದೀರ್ಘಕಾಲ ಅಭ್ಯಾಸ ಮಾಡಿದವರು. ಮಣ್ಣನ್ನು 100 ಡಿಗ್ರಿಗೆ ಏರಿಸುವ ಬದಲು, ಗಾಳಿ ಬೆರೆಸಿದ ಹಬೆಯಿಂದ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕೆಂಬುದು ಅವರ ಶೋಧನೆಯ ಸಾರ. ಆ ಮಟ್ಟದಲ್ಲಿ ಬಹುಪಾಲು ರೋಗಾಣುಗಳು ಸಾಯುತ್ತವೆ. ಅವುಗಳನ್ನು ಹತೋಟಿಯಲ್ಲಿಡುವ ಅನೇಕ ಉಪಕಾರಿ ಜೀವಿಗಳು ಶಾಖವನ್ನು ತಾಳಿಕೊಂಡು ಬದುಕುತ್ತವೆ. ಬಿಸಿಲ ಹಾಳೆಯ ಮಾಂತ್ರಿಕತೆಯೂ ಇಲ್ಲಿಯೇ ಇದೆ. ಸೂರ್ಯ ಆ ಹಾಳೆಯ ಕೆಳಗೆ ಕೊಲ್ಲುವುದಕ್ಕಿಂತ ಹೆಚ್ಚಾಗಿ ಆರಿಸುತ್ತಾನೆ. ಹಾನಿ ಮಾಡುವವರು ಸಾಮಾನ್ಯವಾಗಿ ಶಾಖಕ್ಕೆ ಮೃದು, ಕಾಯುವವರು ತುಸು ಗಟ್ಟಿ. ಪೂರ್ಣ ನ್ಯಾಯವಲ್ಲ. ಮಣ್ಣಿನ ಆಳದಲ್ಲಿರುವ ಜಂತುಹುಳುಗಳಿಗೆ ಆ ಬಿಸಿ ತಲುಪುವುದೇ ಇಲ್ಲ. ಆದ್ದರಿಂದಲೇ ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬಾರದೆಂದು ತಿಳಿದವರು ಹೇಳುತ್ತಾರೆ. ಅಗೆದರೆ ಕೆಳಗಿನದು ಮೇಲೆ ಬರುತ್ತದೆ. ಮೇಲುಮಣ್ಣನ್ನು ಮೆಲ್ಲನೆ ಕೆದಕಿ ಸಸಿ ಊರಬೇಕು. ಎಲ್ಲವನ್ನೂ ತಳದವರೆಗೆ ಬಗೆದು ನೋಡಿದರೇ ಪ್ರಾಮಾಣಿಕತೆ ಎಂದು ನಂಬಿರುವ ನಮಗೆ ಇದು ಸ್ವಲ್ಪ ಸಮಾಧಾನದ ಮಾತು. ಒಂದು ಋತುವಿನ ಬೇರಿಗೆ ಬೇಕಾದಷ್ಟು ಆಳ ಹಸನಾಗಿದ್ದರೆ ಆ ಋತುವಿಗೆ ಅಷ್ಟು ಸಾಕು.

ಇನ್ನು ತುಂಬುವ ಕೆಲಸ. ಬಿಸಿಲು ಆರಿಸಿ ಬಿಟ್ಟ ನೆಲವನ್ನು ಹಾಗೆಯೇ ಖಾಲಿ ಬಿಡಬಾರದು. ಒಳ್ಳೆಯ ಸಂಗವನ್ನು ಬೇಗ ಒದಗಿಸಬೇಕು. 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, ಅದಕ್ಕೆ ಒಂದೆರಡು ಕಿಲೋ ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟಿನ ಪುಡಿ. ಇವನ್ನು ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ತೇವ ಆರದಂತೆ ನೋಡಿಕೊಂಡು, ಗೋಣಿಯಿಂದ ಮುಚ್ಚಿ ಹದಿನೈದು ದಿನ ಬಿಡುತ್ತಾರೆ. ಆ ಬೂಷ್ಟು ರಾಶಿಯ ತುಂಬ ಹಬ್ಬುತ್ತದೆ. ಮಡಿಗೆ ಸೇರಿದ ಮೇಲೆ ಅದು ಬೇರಿನ ಸುತ್ತ ನೆಲೆ ಮಾಡಿಕೊಂಡು, ಕೊಳೆರೋಗದ ಶಿಲೀಂಧ್ರ ಬಂದರೆ ಅದರ ಎಳೆಗಳನ್ನು ಸುತ್ತಿ ಬಿಗಿಯುತ್ತದೆ. ನಮ್ಮ ಕರಾವಳಿಯ ಹಿರಿಯರಿಗೆ ಟ್ರೈಕೋಡರ್ಮಾ ಗೊತ್ತಿರಲಿಲ್ಲ. ಸುಡುಮಣ್ಣು ಗೊತ್ತಿತ್ತು. ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಹಾಕಿ, ಉರಿ ಏಳಗೊಡದೆ, ಹೊಗೆಯಾಡಿಸುತ್ತ ನಿಧಾನವಾಗಿ ಬೇಯಿಸುತ್ತಿದ್ದರು. ಧಗಧಗ ಉರಿದರೆ ಮಣ್ಣು ಕೆಟ್ಟಿತೆಂದೇ ಲೆಕ್ಕ. ಹಾಗೆ ಬೆಂದ ಮಣ್ಣನ್ನು ಸಗಣಿಗೊಬ್ಬರದೊಡನೆ ಬೆರೆಸಿ ತರಕಾರಿ ಮಡಿಗೂ ಮಲ್ಲಿಗೆಯ ಬುಡಕ್ಕೂ ಹಾಕುತ್ತಿದ್ದರು. ಹೊಗೆಯ ಬಣ್ಣ ನೋಡಿ ಹದ ತಿಳಿಯುವ ಅವರ ಕಣ್ಣಿಗೆ ಉಷ್ಣಮಾಪಕ ಬೇಕಿರಲಿಲ್ಲ.

ಸ್ವಲ್ಪ ದಕ್ಷಿಣಕ್ಕೆ ಅಂಕೋಲಾ, ಕುಮಟಾ ಕಡೆಯ ಗಜನಿ ಭೂಮಿಗೆ ಬಂದರೆ ನೆಲ ಅಣಿಗೊಳಿಸುವ ಇನ್ನೊಂದು ರೀತಿ ಇದೆ. ಅದು ನಮ್ಮ ಶುದ್ಧಿಯ ಕಲ್ಪನೆಯನ್ನೇ ತಲೆಕೆಳಗು ಮಾಡುವಂಥದ್ದು. ಹೊಳೆಯೂ ಕಡಲೂ ಕೂಡುವ ತಗ್ಗಿನ ಗದ್ದೆಗಳವು. ಬೆಳೆ ಕೊಯ್ದ ಮೇಲೆ ಅಲ್ಲಿಗೆ ಉಪ್ಪುನೀರನ್ನು ಬೇಕೆಂದೇ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಬರುತ್ತದೆ, ಮೀನು ಬರುತ್ತದೆ, ಕೆಸರು ಬರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆಯುತ್ತದೆ. ಆಗ ಕಗ್ಗ ಎಂಬ ಭತ್ತ, ಗೊಬ್ಬರ ಔಷಧಿಗಳ ಹಂಗಿಲ್ಲದೆ, ನೆರೆಯಲ್ಲಿ ಮುಳುಗಿದರೂ ತಲೆಯೆತ್ತಿ ಬೆಳೆಯುತ್ತದೆ. ಬೇಡದ್ದನ್ನು ಹೊರಗಿಡುವ ಬದಲು ಬರಗೊಟ್ಟು, ಉಂಡು, ಕಳುಹಿಸಿಕೊಟ್ಟು ನೆಲವನ್ನು ಹಸನು ಮಾಡುವ ವಿದ್ಯೆ ಇದು. ಕುಂಬಳಕ್ಕೆ ಇದು ಒಗ್ಗದು, ಉಪ್ಪು ಅದಕ್ಕೆ ಆಗದು. ಒಂದೇ ಜಿಲ್ಲೆಯ ಒಂದೇ ಕರಾವಳಿಯಲ್ಲಿ ಎರಡು ಬೆಳೆಗಳಿಗೆ ಎರಡು ಬಗೆಯ ಶುದ್ಧಿ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಈ ಸೀಮೆಯಲ್ಲಿ ಮಣ್ಣು ಮತ್ತು ಎಳೆಸಸಿಯ ಮಾತೆತ್ತಿದಾಗ ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳನ್ನು ನೆನೆಯದಿರುವುದು ಸಾಧ್ಯವಿಲ್ಲ. ಕಾರವಾರದ ಭಾನುವಾರದ ಸಂತೆಯಲ್ಲಿ, ಅಂಕೋಲಾದ ಪೇಟೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ ಹರಿವೆ, ಬದನೆ, ಗೆಣಸು, ಕುಂಬಳ ಮಾರಲು ಕೂತವರು ಅವರೇ. ಅವರಲ್ಲಿ ಒಬ್ಬರಾದ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ, ದಶಕಗಳ ಕಾಲ ಕಾಡುಮರಗಳ ಸಸಿ ಬೆಳೆಸಿದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಜಾತಿಯ ಬೀಜವನ್ನು ಯಾವಾಗ ಆಯಬೇಕು, ಯಾವ ಮರ ಬೀಜಕ್ಕೆ ಯೋಗ್ಯ ತಾಯಿ ಎಂಬುದು ಅವರಿಗೆ ತಿಳಿದಿತ್ತು. 2020ರ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬದುಕಿನ ಬಹುಭಾಗ ಕಳೆದದ್ದು ಮರಗಳ ನಡುವೆ ಅನ್ನುವುದಕ್ಕಿಂತ ಮರಗಳಾಗುವ ಮೊದಲಿನ ಅವಸ್ಥೆಗಳ ನಡುವೆ. ಮಣ್ಣು ಹದ ಮಾಡುವುದು, ಚೀಲ ತುಂಬುವುದು, ಬೀಜ ಊರುವುದು, ನೆರಳು ಕಟ್ಟುವುದು. ಕಾಡು ನೋಡುವವರಿಗೆ ಈ ಕೆಲಸ ಕಾಣಿಸುವುದಿಲ್ಲ. ಹಾಳೆಯ ಕೆಳಗೆ ಮಲಗಿದ ಮಣ್ಣಿನ ಕೆಲಸವೂ ಕುಂಬಳಕಾಯಿಯ ತೂಕದಲ್ಲಿ ಕಾಣಿಸುವುದಿಲ್ಲ.

ಈಗ ಸಸಿಯನ್ನು ನೋಡೋಣ. ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಯ ಗುಳಿಗಳಲ್ಲಿ ಅದು ಎರಡು ಮೂರು ನಿಜವಾದ ಎಲೆ ಬಿಟ್ಟಿದೆ. ಕುಂಬಳದ ಜಾತಿ ಬೇರು ಕದಡಿದರೆ ಸಹಿಸದು. ಟೊಮೆಟೊ, ಬದನೆಗಳಂತೆ ಕಿತ್ತು ನೆಡುವ ಹಾಗಿಲ್ಲ, ಬೇರಿನ ಸುತ್ತಲಿನ ಹೆಂಟೆಯ ಸಮೇತ ಇಳಿಸಬೇಕು. ತಡ ಮಾಡಿದರೆ ಬೇರು ಗುಳಿಯೊಳಗೆ ಸುತ್ತಿಕೊಂಡು, ಹೊಸ ನೆಲ ಎಷ್ಟು ಮೆತ್ತಗಿದ್ದರೂ ಹೊರಗೆ ಕೈಚಾಚಲು ಹಿಂಜರಿಯುತ್ತದೆ. ನೆಡುವ ಕೆಲವು ದಿನ ಮೊದಲು ನೀರನ್ನು ತುಸು ಕಡಿಮೆ ಮಾಡಿ, ನೆರಳನ್ನು ತುಸು ಸರಿಸಿ ಸಸಿಯನ್ನು ಗಟ್ಟಿಗೊಳಿಸುತ್ತಾರೆ. ಇತ್ತ ನೆಲವನ್ನು ಮೃದುಗೊಳಿಸುವ ಹೊತ್ತಿನಲ್ಲೇ ಅತ್ತ ಸಸಿಯನ್ನು ಬಲಗೊಳಿಸುವುದು ನಡೆದಿರುತ್ತದೆ. ಮಕ್ಕಳನ್ನು ದೂರದ ಊರಿಗೆ ಕಳಿಸುವಾಗ ನಾವು ಊರನ್ನಷ್ಟೇ ವಿಚಾರಿಸುತ್ತೇವೆ, ಕೊಠಡಿ ಹೇಗಿದೆ, ಊಟ ಹೇಗಿದೆ ಎಂದು; ಮಗು ಅದಕ್ಕೆ ಗಟ್ಟಿಯಾಗಿದೆಯೇ ಎಂದು ಕೇಳುವುದಿಲ್ಲ. ಸಂಜೆಯ ತಂಪಿನಲ್ಲಿ ಸಸಿ ಇಳಿಯುತ್ತದೆ. ಅಂಚಿಗೆ ನಾಲ್ಕು ಚೆಂಡುಹೂವಿನ ಗಿಡ ನೆಟ್ಟರೆ ಅವುಗಳ ಬೇರಿನ ಸ್ರಾವ ಜಂತುಹುಳುಗಳಿಗೆ ಹಿಡಿಸದು. ಆಳದಲ್ಲಿ ಉಳಿದವಕ್ಕೆ ಅಷ್ಟರ ಮಟ್ಟಿನ ಎಚ್ಚರಿಕೆ.

ಆದರೂ ಕೆಂಪು ದುಂಬಿ ಬರುತ್ತದೆ. ಹಸಿರುಮನೆಯ ಕೀಟಬಲೆಯಲ್ಲಿ ಒಂದು ಹರಕು, ಬಾಗಿಲು ತೆರೆದ ಒಂದು ಗಳಿಗೆ ಸಾಕು. ಅದರ ಆಗಮನದಲ್ಲಿ ಒಂದು ವಿಚಿತ್ರವಿದೆ. ಕುಂಬಳ, ಸೌತೆ, ಹಾಗಲಗಳ ಕುಲ ತನ್ನ ರಕ್ಷಣೆಗೆಂದು ಒಂದು ಕಹಿಯನ್ನು ಮೈಗೂಡಿಸಿಕೊಂಡಿದೆ. ಹೆಚ್ಚಿನ ಪ್ರಾಣಿಗಳು ಆ ಕಹಿಗೆ ಹೆದರಿ ದೂರ ಸರಿಯುತ್ತವೆ. ಈ ದುಂಬಿಗೆ ಮಾತ್ರ ಆ ಕಹಿಯೇ ಕರೆಯೋಲೆ. ಎಲ್ಲರನ್ನೂ ದೂರವಿಡುವ ಕವಚ ಒಬ್ಬನನ್ನು ಕರೆತರುತ್ತದೆ. ನಮ್ಮ ಬಿರುನುಡಿ, ನಮ್ಮ ಮೌನ, ನಮ್ಮ ಅತಿವಿನಯ, ಇವನ್ನೆಲ್ಲ ನಾವು ಯಾವುದೋ ಕಾಲದಲ್ಲಿ ರಕ್ಷಣೆಗೆಂದೇ ತೊಟ್ಟಿದ್ದೆವು. ಅವುಗಳಿಗೆ ಒಲಿದು ಬಂದವರು ಯಾರೆಂದು ಲೆಕ್ಕ ಹಾಕಿದರೆ ನಗು ಬರುತ್ತದೆ.

ದುಂಬಿಗೆ ಹಳ್ಳಿಗರು ಕಂಡುಕೊಂಡ ಉಪಾಯ ಬೆಳಗಿನ ಜಾವದ್ದು. ಇಬ್ಬನಿಯ ಹೊತ್ತಿನಲ್ಲಿ ಅದರ ಮೈ ಜಡವಾಗಿರುತ್ತದೆ, ಹಾರಲು ಮನಸ್ಸಿರುವುದಿಲ್ಲ. ಆಗ ಕೈಯಿಂದಲೇ ಆಯಬಹುದು. ಅದೇ ಹೊತ್ತಿನಲ್ಲಿ ಒಲೆಯ ಬೂದಿಯನ್ನು ಎಲೆಯ ಮೇಲೆ ತೆಳುವಾಗಿ ಉದುರಿಸಿದರೆ ಹನಿಯ ತೇವಕ್ಕೆ ಅಂಟಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಬೂದಿ ನಿಲ್ಲದು, ದುಂಬಿಯೂ ಸಿಗದು. ಚಿತ್ತದ ದುಂಬಿಗಳಿಗೂ ಇಂಥದೊಂದು ಹೊತ್ತಿದೆ. ಎದ್ದ ಕೂಡಲೇ, ದಿನದ ಕಾವು ಇನ್ನೂ ಏರದಿರುವಾಗ, ನಿನ್ನೆಯ ಸಿಟ್ಟು ಎಲೆಯ ಮೇಲೆ ಕುಳಿತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಎತ್ತಿ ಬದಿಗಿಡುವುದು ಆಗ ಕಷ್ಟವಲ್ಲ. ಮಧ್ಯಾಹ್ನಕ್ಕೆ ಅದು ಹಾರಾಡತೊಡಗಿದ ಮೇಲೆ ಹಿಡಿಯುವ ಶಕ್ತಿ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಅದು ಯಾರ ತಪ್ಪೂ ಅಲ್ಲ, ಹೊತ್ತಿನ ಗುಣ.

ಹಸಿರುಮನೆಗೆ ಕೀಟ ನುಸುಳದ ಬಲೆ ಹಾಕಿದ್ದಾಯಿತು, ಹಳದಿ ಅಂಟುಬಲೆ ತೂಗಿಸಿದ್ದಾಯಿತು. ಸಸಿ ಬಳ್ಳಿಯಾಗಿ ಹಬ್ಬಿತು, ಹೂ ಬಿಟ್ಟಿತು. ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಕುಳಿತಿರುತ್ತದೆ. ಎರಡೂ ನಸುಕಿನಲ್ಲಿ ಅರಳುತ್ತವೆ, ಹೊತ್ತೇರುವಷ್ಟರಲ್ಲಿ ಮುದುಡುತ್ತವೆ. ಅಷ್ಟರೊಳಗೆ ಪರಾಗ ಒಂದರಿಂದ ಇನ್ನೊಂದಕ್ಕೆ ಸೇರದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಪರಾಗ ಒಯ್ಯಬೇಕಾದ ಜೇನುಹುಳ ಬಲೆಯ ಹೊರಗಿದೆ. ದುಂಬಿಯನ್ನು ತಡೆದ ಕಣ್ಣುಗಳೇ ಅದನ್ನೂ ತಡೆದಿವೆ. ಎಲೆಯ ರಸ ಹೀರುವ ನುಸಿಯನ್ನು ಬೇಟೆಯಾಡುವ ಸಣ್ಣ ಜೀವಿಗಳೂ ಹೊರಗೇ ಉಳಿದಿವೆ. ನುಸಿಯೋ ಮಳೆಯ ಹೊಡೆತವಿಲ್ಲದ ಬೆಚ್ಚನೆಯ ಆಸರೆಯಲ್ಲಿ ಹೊರಗಿನದಕ್ಕಿಂತ ಸುಖವಾಗಿದೆ.

ತೋಟಗಾರನಿಗೆ ಆಗ ಎರಡು ದಾರಿ. ದಿನವೂ ಬೆಳಿಗ್ಗೆ ಗಂಡು ಹೂ ಕೊಯ್ದು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ತಾನೇ ತಾಗಿಸುತ್ತ ಹೋಗುವುದು ಒಂದು. ತಾಳ್ಮೆಯಿದ್ದವರು ಮಾಡುತ್ತಾರೆ, ಕಾಯಿಯೂ ಕಚ್ಚುತ್ತದೆ. ಇನ್ನೊಂದು, ಹೂಬಿಡುವ ದಿನಗಳಲ್ಲಿ ಪಕ್ಕದ ಬಲೆಯನ್ನು ಮುಂಜಾನೆ ಸುತ್ತಿ ಮೇಲಕ್ಕೆ ಕಟ್ಟುವುದು. ಜೇನು ಬರುವ ದಾರಿಯಲ್ಲಿ ದುಂಬಿಯೂ ಬರುತ್ತದೆ, ಹಣ್ಣುನೊಣವೂ ಬರುತ್ತದೆ. ಆದರೆ ದುಂಬಿ ಮಾರಕವಾಗುವುದು ಮೊಳಕೆಯ ಎರಡೆಲೆಗೆ, ಎಳೆಯ ಸಸಿಗೆ. ಮಾರುದ್ದ ಹಬ್ಬಿದ ಬಳ್ಳಿಯಲ್ಲಿ ಅದು ಹತ್ತು ಎಲೆಗೆ ತೂತು ಮಾಡಿದರೂ ಹನ್ನೊಂದನೆಯದು ಚಿಗುರುತ್ತಿರುತ್ತದೆ. ನೊಣಕ್ಕೆ ಮೋಹಕ ಬಲೆ ಕಟ್ಟಬಹುದು, ಎಳೆಗಾಯಿಗೆ ಕಾಗದದ ಚೀಲ ತೊಡಿಸಬಹುದು. ಪಕ್ಕದ ಬಲೆ ಕಟ್ಟಿದ ದಿನವೇ ಅದನ್ನು ಯಾವಾಗ ಸುತ್ತಬೇಕೆಂದು ಅನುಭವಿಗಳು ಲೆಕ್ಕ ಹಾಕಿಟ್ಟಿರುತ್ತಾರೆ. ನೆಟ್ಟ ಮೇಲೆ ಮೊದಲ ಹೆಣ್ಣು ಹೂ ಕಾಣುವವರೆಗೆ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ.